ರಾತ್ರಿ ಒಂದು ಗಂಟೆಯ ಊಟ: ಮೈಕ್ರೋವೇವ್ ಡಬ್ಬಿಯ ಕೆಲಸದ ಟಿಪ್ಪಣಿ

ನನ್ನ ಹೆಂಡತಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನೈಟ್ ಡ್ಯೂಟಿ ಬಿದ್ದ ವಾರಗಳಲ್ಲಿ ಅವಳು ಊಟ ಮಾಡುವುದು ರಾತ್ರಿ ಒಂದು ಗಂಟೆ ಆಸುಪಾಸಿಗೆ. ಆ ಹೊತ್ತಿಗೆ ಕ್ಯಾಂಟೀನ್ ಮುಚ್ಚಿರುತ್ತದೆ. ವಾರ್ಡ್ ಪಕ್ಕದ ಚಿಕ್ಕ ಕೋಣೆಯಲ್ಲಿ ಒಂದು ಮೈಕ್ರೋವೇವ್ ಇದೆ, ಅಷ್ಟೇ. ಸಂಜೆ ಮನೆಯಲ್ಲಿ ಮಾಡಿದ್ದನ್ನೇ ಡಬ್ಬಿಗೆ ತುಂಬಿ ಕಳಿಸುತ್ತಿದ್ದೆವು. ಅಲ್ಲಿ ಬಿಸಿ ಮಾಡಿದರೆ ಅನ್ನ ಬಿರುಸು, ಹುಳಿ ಅಂಚಿನಲ್ಲಿ ಕುದಿ, ನಡುವೆ ತಣ್ಣಗೆ. ಬೆಳಿಗ್ಗೆ ಅರ್ಧ ಡಬ್ಬಿ ವಾಪಸ್ ಬರುತ್ತಿತ್ತು. "ಬಿಸಿ ಇದ್ರೆ ಸಾಕು ರೀ" ಅಂತ ಅವಳು ಹೇಳಿದ್ದಳು. ಆದರೆ ಹನ್ನೆರಡು ಗಂಟೆ ಕಾಲ ಮೇಲೆ ನಿಲ್ಲುವವರಿಗೆ ಬಿಸಿ ಒಂದೇ ಸಾಲದು. ಊಟ ಊಟದ ಹಾಗೆ ಇರಬೇಕು.

ಮನೆಯಲ್ಲಿ ಅಡುಗೆ ನನ್ನ ಪಾಲು. ಹಾಗಾಗಿ ಈ ಕೆಲಸವೂ ನನ್ನದೇ. ಈಗ ಅದು ಒಂದು ಹದಕ್ಕೆ ಬಂದಿದೆ. ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಅಳತೆ ಸಮೇತ ಬರೆದಿಡುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮೈಕ್ರೋವೇವ್ ಮುಂದೆ ನಿಂತಾಗ ಸರಿಪಡಿಸುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ನೀರು ಎಷ್ಟು, ತರಕಾರಿ ಎಷ್ಟು ಬೆಂದಿದೆ, ಡಬ್ಬಿಯಲ್ಲಿ ಎಷ್ಟು ದಪ್ಪ ತುಂಬಿದ್ದೇವೆ, ಯಾವುದನ್ನು ಬೇರೆ ಇಟ್ಟಿದ್ದೇವೆ, ಇವೆಲ್ಲ ಒಲೆಯ ಮುಂದೆಯೇ ತೀರ್ಮಾನ ಆಗಿರುತ್ತವೆ. ಎರಡನೇ ಬಿಸಿಗೆ ಅಂತಲೇ ಅಡುಗೆ ಮಾಡಬೇಕು.

1. ಏನು ಬೇಕು ಎಂದು ಬರೆದುಕೊಂಡದ್ದು

ಇಬ್ಬರೂ ಕೂತು ಪಟ್ಟಿ ಮಾಡಿದೆವು. ಅವಳಿಗೆ ಸಿಗುವ ಬಿಡುವು ಸುಮಾರು 20 ನಿಮಿಷ. ಮೈಕ್ರೋವೇವ್ ಎಲ್ಲರದು, ಹಿಂದೆ ಇನ್ನಿಬ್ಬರು ಡಬ್ಬಿ ಹಿಡಿದು ನಿಂತಿರುತ್ತಾರೆ. ಆದ್ದರಿಂದ ಒಟ್ಟು ಬಿಸಿ ಮಾಡುವ ಹೊತ್ತು 4 ನಿಮಿಷ ದಾಟಬಾರದು. ಘಾಟು ವಾಸನೆ ಬೇಡ, ಪಕ್ಕದಲ್ಲೇ ಹುಷಾರಿಲ್ಲದವರು ಮಲಗಿರುತ್ತಾರೆ. ಮೀನು ಅಲ್ಲಿಗೇ ಪಟ್ಟಿಯಿಂದ ಹೋಯಿತು. ಚಮಚದಲ್ಲಿ ತಿನ್ನುವ ಹಾಗಿರಬೇಕು, ಯಾಕೆಂದರೆ ನಡುವೆ ಬೆಲ್ ಬಂದರೆ ಎದ್ದು ಓಡಬೇಕು.

ಇನ್ನೊಂದು ದೊಡ್ಡ ವಿಷಯ. ವಾರ್ಡ್‌ನಲ್ಲಿ ಫ್ರಿಜ್ ಇದೆ, ಆದರೆ ಅದು ಔಷಧಿಯದು. ಅದರೊಳಗೆ ಊಟ ಇಡುವ ಹಾಗೇ ಇಲ್ಲ. ಅಂದರೆ ಸಂಜೆ ಏಳೂವರೆಗೆ ಮನೆ ಬಿಟ್ಟ ಡಬ್ಬಿ ಒಂದು ಗಂಟೆವರೆಗೆ ಚೀಲದಲ್ಲೇ ಇರಬೇಕು. ಐದೂವರೆ ಗಂಟೆ. ಈ ಸಂಗತಿಯನ್ನು ನಾವು ಅಷ್ಟು ದಿನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹಾಗಾಗಿ ಈಗ ಮುಂಚೆಯೇ ಅಡುಗೆ ಮಾಡಿ, ಫ್ರಿಜ್‌ನಲ್ಲಿಟ್ಟು, ಡಬ್ಬಿಯನ್ನು ತಣ್ಣಗೇ ಕಳಿಸುತ್ತೇವೆ.

2. ಮೈಕ್ರೋವೇವ್ ಅಳತೆ

ನಮ್ಮ ಮನೆಯದು 20 ಲೀಟರಿನ ಸೋಲೋ (ಗ್ರಿಲ್ ಇಲ್ಲದ, ಬರೀ ಬಿಸಿ ಮಾಡುವ) ಮೈಕ್ರೋವೇವ್, ಹಿಂದಿನ ಚೀಟಿಯಲ್ಲಿ 700 ವ್ಯಾಟ್ ಎಂದಿದೆ. ವಾರ್ಡ್‌ನದು ದೊಡ್ಡದು, 900 ವ್ಯಾಟ್. ಮನೆಯಲ್ಲಿ ನೋಡಿದ ಹೊತ್ತು ಅಲ್ಲಿಗೆ ಹೊಂದಬೇಕಾದರೆ ಎರಡರ ನಿಜವಾದ ಶಕ್ತಿ ಗೊತ್ತಾಗಬೇಕು. ಅದಕ್ಕೆ ನೀರಿನ ಪರೀಕ್ಷೆ ಸಾಕು.

ಒಂದು ಲೀಟರ್ ನೀರನ್ನು ಗಾಜಿನ ಪಾತ್ರೆಗೆ ಹಾಕಿ. ಥರ್ಮಾಮೀಟರ್ ಇಟ್ಟು ಉಷ್ಣತೆ ಬರೆದುಕೊಳ್ಳಿ. ಪೂರ್ತಿ ಶಕ್ತಿಯಲ್ಲಿ ಸರಿಯಾಗಿ 2 ನಿಮಿಷ ಓಡಿಸಿ. ತೆಗೆದು, ಚೆನ್ನಾಗಿ ಕಲಕಿ, ಮತ್ತೆ ನೋಡಿ. ಎಷ್ಟು ಡಿಗ್ರಿ ಏರಿತೋ ಅದನ್ನು 35ರಿಂದ ಗುಣಿಸಿದರೆ ವ್ಯಾಟ್ ಲೆಕ್ಕ ಸಿಗುತ್ತದೆ. ಮನೆಯಲ್ಲಿ 27 ಡಿಗ್ರಿ ಇದ್ದದ್ದು 46 ಆಯಿತು. 19 ಡಿಗ್ರಿ ಏರಿಕೆ, ಅಂದರೆ 665 ವ್ಯಾಟ್. ಕೆಲಸ ಕಮ್ಮಿ ಇದ್ದ ಒಂದು ರಾತ್ರಿ ಅವಳೂ ಅಲ್ಲಿ ಇದೇ ಪರೀಕ್ಷೆ ಮಾಡಿದಳು. 23 ಡಿಗ್ರಿ ಏರಿತು, ಅಂದರೆ 805 ವ್ಯಾಟ್. ಮನೆಯಲ್ಲಿ 3 ನಿಮಿಷ ಬೇಕಾದದ್ದಕ್ಕೆ ಅಲ್ಲಿ ಎರಡೂವರೆ ನಿಮಿಷ ಸಾಕು. ಮುಂದೆ ಬರೆದಿರುವ ಹೊತ್ತೆಲ್ಲ ವಾರ್ಡ್‌ನ ಮೈಕ್ರೋವೇವ್‌ದು. ನಿಮ್ಮದರಲ್ಲಿ ಬೇರೆ ಬರುತ್ತದೆ, ಒಮ್ಮೆ ನೀರಿಟ್ಟು ನೋಡಿಕೊಳ್ಳಿ.

ಕಡ್ಡಿಯಂಥ ಮೂತಿಯ ಡಿಜಿಟಲ್ ಥರ್ಮಾಮೀಟರ್ 450 ರೂಪಾಯಿ ಬಿತ್ತು. ಈ ಇಡೀ ಕೆಲಸದಲ್ಲಿ ಅದಕ್ಕಿಂತ ಉಪಯೋಗದ ಸಾಮಾನು ಇನ್ನೊಂದಿಲ್ಲ. ಅದಿಲ್ಲದಿದ್ದರೆ ಹಬೆ ನೋಡಿ ಬಿಸಿಯಾಗಿದೆ ಎಂದುಕೊಳ್ಳುತ್ತೇವೆ. ಹಬೆ ಬರುವುದು ಅಂಚಿನಿಂದ. ನಡುವಿನದು ತಣ್ಣಗೇ ಇರುತ್ತದೆ.

3. ಡಬ್ಬಿ

ಸ್ಟೀಲ್ ಡಬ್ಬಿ ಮೈಕ್ರೋವೇವ್‌ಗೆ ಆಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಮನೆಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಗಳನ್ನು ತಿರುಗಿಸಿ ನೋಡಿದೆ. ತಳದಲ್ಲಿ ತ್ರಿಕೋನದೊಳಗೆ 5 ಎಂದಿದ್ದರೆ ಪಾಲಿಪ್ರೊಪಿಲೀನ್, ಬಿಸಿ ತಡೆಯುತ್ತದೆ. ಅದರ ಜೊತೆಗೆ ಮೈಕ್ರೋವೇವ್ ಗುರುತೂ ಇರಬೇಕು. ಸಿಹಿತಿಂಡಿ, ಐಸ್‌ಕ್ರೀಂ ಬಂದ ಡಬ್ಬಿಗಳೆಲ್ಲ ಬೇರೆ ಕೆಲಸಕ್ಕೆ ಹೋದವು. ಮೆಲಮೈನ್ ತಟ್ಟೆಯೂ ಬೇಡ, ಜರಿ ಅಂಚಿನ ಪಿಂಗಾಣಿಯೂ ಬೇಡ. ಜರಿ ಗೆರೆ ಕಿಡಿ ಹಾರಿಸುತ್ತದೆ.

ಪಾಲಿಪ್ರೊಪಿಲೀನ್ ಡಬ್ಬಿಯಲ್ಲೇ ಶುರು ಮಾಡಿದೆ. ಹಗುರ, ಅಗ್ಗ. ಆದರೆ ಒಗ್ಗರಣೆ ಎಣ್ಣೆ, ಟೊಮೆಟೊ, ಅರಿಶಿನ ಮೂರೂ ಸೇರಿದ ಕಡೆ ಅಂಚಿನಲ್ಲಿ ಹಳದಿ ಗೆರೆ ಕೂತು, ಅಲ್ಲಿ ಪ್ಲಾಸ್ಟಿಕ್ ಒರಟಾಯಿತು. ಎಣ್ಣೆ ನೀರಿಗಿಂತ ಜಾಸ್ತಿ ಬಿಸಿ ಏರಬಲ್ಲದು. ಹಾಗೆ ಒರಟಾದ ಡಬ್ಬಿಯಲ್ಲಿ ಊಟ ಕೊಡಲು ನನಗೆ ಮನಸ್ಸು ಬರಲಿಲ್ಲ. ಸಯ್ಯಾಜಿರಾವ್ ರಸ್ತೆ ಕಡೆ ಪಾತ್ರೆ ಅಂಗಡಿಗಳಲ್ಲಿ ಸುತ್ತಿ ಬಿಸಿ ತಡೆಯುವ ಬೊರೊಸಿಲಿಕೇಟ್ ಗಾಜಿನ ಡಬ್ಬಿ ನಾಲ್ಕು ತಂದೆ, ಒಂದಕ್ಕೆ 320 ರೂಪಾಯಿ. ಭಾರ ಜಾಸ್ತಿ, ಅದು ನಿಜ. ಆದರೆ ಕಲೆ ಇಲ್ಲ, ವಾಸನೆ ಇಲ್ಲ.

ಆಕಾರ ಬೆಲೆಗಿಂತ ಮುಖ್ಯ. ಒಂದೇ ತೂಕದ ಹುಳಿಯನ್ನು ಎರಡು ಡಬ್ಬಿಯಲ್ಲಿ ಇಟ್ಟು ನೋಡಿದೆ. ಆಳವಾದ ಗುಂಡು ಡಬ್ಬಿಯಲ್ಲಿ ಹುಳಿ 8 ಸೆಂ.ಮೀ. ಎತ್ತರ ನಿಂತಿತ್ತು. ತೆಗೆದಾಗ ಅಂಚಿನಲ್ಲಿ 88 ಡಿಗ್ರಿ, ನಡುವೆ 31. ಅಗಲವಾದ ಆಯತ ಡಬ್ಬಿಯಲ್ಲಿ 3 ಸೆಂ.ಮೀ. ಅಷ್ಟೇ ಎತ್ತರ. ಅಂಚಿನಲ್ಲಿ 79, ನಡುವೆ 66. ಎರಡು ನಿಮಿಷ ಹಾಗೇ ಬಿಟ್ಟು ನೋಡಿದರೆ 75 ಮತ್ತು 71. ಮೈಕ್ರೋವೇವ್ ಬಿಸಿ ಮೇಲಿನಿಂದ ಎರಡು ಮೂರು ಸೆಂಟಿಮೀಟರ್ ಮಾತ್ರ ಚೆನ್ನಾಗಿ ಇಳಿಯುತ್ತದೆ. ಅದರ ಒಳಗಿನದು ಪಕ್ಕದ ಬಿಸಿಯಿಂದ ನಿಧಾನಕ್ಕೆ ಕಾಯಬೇಕು. ಅಂದಿನಿಂದ ನಿಯಮ ಮಾಡಿಕೊಂಡೆ: ಯಾವ ಡಬ್ಬಿಯಲ್ಲೂ 3 ಸೆಂ.ಮೀ. ಮೇಲೆ ತುಂಬುವುದಿಲ್ಲ. ಅನ್ನ, ಬಾತ್ ಇದ್ದರೆ ನಡುವೆ ಚಮಚದಲ್ಲಿ ಒಂದು ಗುಳಿ ಮಾಡಿ ಇಡುತ್ತೇನೆ.

ಮುಚ್ಚಳವನ್ನು ಬಿಗಿದು ಒಳಗೆ ಇಡಬಾರದು. ಕ್ಲಿಪ್ ಎಲ್ಲ ಬಿಚ್ಚಿ, ಮುಚ್ಚಳವನ್ನು ಮೇಲೆ ಓರೆಯಾಗಿ ಇಟ್ಟರೆ ಹಬೆಯೂ ಒಳಗೇ ನಿಲ್ಲುತ್ತದೆ, ಸಿಡಿಯುವುದೂ ಇಲ್ಲ.

4. ಅನ್ನ

ಇದಕ್ಕೇ ಅತಿ ಹೆಚ್ಚು ಹೊತ್ತು ಹೋಯಿತು.

ನಾವು ಬಳಸುವುದು ಸೋನಾ ಮಸೂರಿ. ಕುಕ್ಕರಿಗೆ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು. ಬಿಸಿಯಾಗಿ ಬಡಿಸಿದರೆ ಉದುರುದುರಾಗಿ ಚೆನ್ನಾಗಿರುತ್ತದೆ. ಅದನ್ನೇ ಫ್ರಿಜ್‌ಗೆ ಇಟ್ಟು ಮರುದಿನ ಬಿಸಿ ಮಾಡಿದರೆ ಅಗುಳಿನ ಒಳಗೆ ಗಟ್ಟಿ ಕೂತಿರುತ್ತದೆ. ಅನ್ನದ ಪಿಷ್ಟ ತಣ್ಣಗಾದಾಗ ಬಿಗಿದುಕೊಳ್ಳುತ್ತದೆ, ಅದರಲ್ಲೂ ಫ್ರಿಜ್‌ನ ನಾಲ್ಕೈದು ಡಿಗ್ರಿಯಲ್ಲಿ ಬಲು ಬೇಗ. ಮತ್ತೆ ಮೆತ್ತಗಾಗಲು ಅದಕ್ಕೆ ನೀರೂ ಬೇಕು, ಚೆನ್ನಾಗಿ ಬಿಸಿಯೂ ಬೇಕು.

ಮೊದಲು ಬರೀ ಬಿಸಿ ಮಾಡುವ ಹೊತ್ತು ಹೆಚ್ಚಿಸಿ ನೋಡಿದೆ. ಅನ್ನ ಇನ್ನೂ ಒಣಗಿತು. ಆಮೇಲೆ ನೀರು ಚಿಮುಕಿಸಿ, ಮುಚ್ಚದೆ ಬಿಸಿ ಮಾಡಿದೆ. ಮೇಲಿನ ಪದರ ಸರಿ, ಕೆಳಗಿನದು ಬಿರುಸು. ಬೇಯಿಸುವಾಗಲೇ ನೀರನ್ನು ಮೂರು ಲೋಟಕ್ಕೆ ಏರಿಸಿದಾಗ ಮುದ್ದೆಯಾಯಿತು, ಸಾರಿಗೆ ಕಲಸಿದರೆ ಅಂಟು.

ನಿಂತ ಹದ ಇದು. ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರು, ಒಂದು ಚಿಕ್ಕ ಚಮಚ ಎಣ್ಣೆ. ಕುಕ್ಕರ್ ಇಳಿದ ಕೂಡಲೇ ಅಗಲವಾದ ಸ್ಟೀಲ್ ತಟ್ಟೆಗೆ 2 ಸೆಂ.ಮೀ. ದಪ್ಪಕ್ಕೆ ಹರಡಿ, ಫ್ಯಾನ್ ಕೆಳಗೆ ಇಡುವುದು. ಅರ್ಧ ಗಂಟೆಯೊಳಗೆ ಕೈಗೆ ಉಗುರು ಬೆಚ್ಚಗೆ ತಾಗುತ್ತದೆ. ಆಗ ಡಬ್ಬಿಗೆ 250 ಗ್ರಾಂ ತುಂಬಿ, ಒತ್ತದೆ ಸಡಿಲವಾಗಿ ಬಿಟ್ಟು, ಮುಚ್ಚಿ, ಫ್ರಿಜ್‌ಗೆ. ಬಿಸಿ ಮಾಡುವ ಮುಂಚೆ ಒಂದೂವರೆ ದೊಡ್ಡ ಚಮಚ ನೀರು ಮೇಲೆಲ್ಲ ಚಿಮುಕಿಸಿ, ಮುಚ್ಚಳ ಓರೆಯಾಗಿಟ್ಟು, 1 ನಿಮಿಷ 30 ಸೆಕೆಂಡ್. ತೆಗೆದು ಒಂದು ನಿಮಿಷ ಮುಚ್ಚಿಯೇ ಬಿಡಬೇಕು. ಆ ಒಂದು ನಿಮಿಷದಲ್ಲಿ ಹಬೆ ಅಗುಳಿನೊಳಗೆ ಹೋಗುತ್ತದೆ. ಅದನ್ನು ಬಿಟ್ಟರೆ ವ್ಯತ್ಯಾಸ ಬಾಯಿಗೇ ಗೊತ್ತಾಗುತ್ತದೆ.

ಎರಡು ದಿನಕ್ಕಿಂತ ಮುಂದೆ ಬೇಕಾದ ಅನ್ನವನ್ನು ಫ್ರಿಜ್‌ನಲ್ಲಿ ಇಡದೆ ಫ್ರೀಜರ್‌ಗೇ ಹಾಕುತ್ತೇನೆ. ಫ್ರೀಜರ್ ಅನ್ನ ಫ್ರಿಜ್ ಅನ್ನಕ್ಕಿಂತ ಮೆತ್ತಗೆ ಬರುತ್ತದೆ. ಕೇಳಲು ವಿಚಿತ್ರ ಅನಿಸಬಹುದು, ಆದರೆ ಹೆಪ್ಪುಗಟ್ಟಿದಾಗ ಪಿಷ್ಟ ಬಿಗಿದುಕೊಳ್ಳುವ ಕೆಲಸ ಹೆಚ್ಚುಕಮ್ಮಿ ನಿಂತುಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಬೆಂದ ಅನ್ನವನ್ನು ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಹಾಗೇ ಬಿಟ್ಟು ಆಮೇಲೆ ಡಬ್ಬಿಗೆ ಹಾಕಬೇಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಅವು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗೆ ಬಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಈಗ ಕುಕ್ಕರ್ ಇಳಿದ ಒಂದು ಗಂಟೆಯೊಳಗೆ ಅನ್ನ ಫ್ರಿಜ್ ಸೇರಿರಬೇಕು. ಒಮ್ಮೆ ಬಿಸಿ ಮಾಡಿದ ಡಬ್ಬಿ ಎರಡನೇ ಸಲ ಫ್ರಿಜ್‌ಗೆ ಹೋಗುವುದಿಲ್ಲ.

5. ಹುಳಿ, ಸಾರು, ಬಾತ್

ಸಾರು ಮೈಕ್ರೋವೇವ್‌ಗೆ ಹುಟ್ಟಿದ್ದೇ ಅನ್ನಿ. ನೀರಾಗಿರುತ್ತದೆ, ಬೇಗ ಕಾಯುತ್ತದೆ, ಒಂದು ದಿನ ಕಳೆದರೆ ರುಚಿ ಕೂಡುತ್ತದೆ. ಬಸ್ಸಾರು ಅಂತೂ ಎರಡನೇ ದಿನವೇ ಚೆನ್ನ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಹಿತಕಿದ ಅವರೆಬೇಳೆ ಸಾರು ಮಾಡಿ ಕಳಿಸಿದೆ, ಡಬ್ಬಿ ತೊಳೆದ ಹಾಗೆ ಖಾಲಿಯಾಗಿ ಬಂತು. ಆ ಬೇಳೆ ಎಷ್ಟು ಬಿಸಿ ಮಾಡಿದರೂ ಒಡೆಯುವುದಿಲ್ಲ.

ಹುಳಿಯಲ್ಲಿ ಸ್ವಲ್ಪ ಕೆಲಸ ಇದೆ. ತೊಗರಿಬೇಳೆ ತಣ್ಣಗಾದಾಗ ಗಟ್ಟಿಯಾಗುತ್ತದೆ. ಗಟ್ಟಿ ಹುಳಿ ಮೈಕ್ರೋವೇವ್‌ನಲ್ಲಿ ಕುದಿಯುವುದಿಲ್ಲ, ಗುಳ್ಳೆ ಒಡೆದು ಸಿಡಿಯುತ್ತದೆ. ಆದ್ದರಿಂದ ನಾಲ್ಕು ಜನರ ಹುಳಿಗೆ ಅರ್ಧ ಲೋಟ ನೀರು ಜಾಸ್ತಿ ಹಾಕಿ ಇಳಿಸುತ್ತೇನೆ. ಒಲೆಯ ಮೇಲೆ ನೋಡಿದರೆ ತೆಳು ಅನಿಸಬೇಕು, ಆಗ ರಾತ್ರಿ ಸರಿಯಾಗಿರುತ್ತದೆ. 250 ಗ್ರಾಂ ಹುಳಿಗೆ 1 ನಿಮಿಷ ಬಿಸಿ, ತೆಗೆದು ಕಲಕಿ, ಮತ್ತೆ 45 ಸೆಕೆಂಡ್. ನಡುವೆ ಕಲಕದಿದ್ದರೆ ಎಷ್ಟು ಹೊತ್ತು ಇಟ್ಟರೂ ಅಂಚು ಒಂದು ತರಹ, ನಡು ಒಂದು ತರಹ.

ತರಕಾರಿಯಲ್ಲಿ ನವಿಲುಕೋಸು, ಸೀಮೆಬದನೆ, ಹುರುಳಿಕಾಯಿ, ಕ್ಯಾರೆಟ್ ಚೆನ್ನಾಗಿ ತಡೆಯುತ್ತವೆ. ಎರಡು ಸೆಂ.ಮೀ. ಗಾತ್ರಕ್ಕೆ ಹೆಚ್ಚಿ, ಮುಕ್ಕಾಲು ಬೆಂದಾಗಲೇ ಬೇಳೆಗೆ ಸೇರಿಸುತ್ತೇನೆ. ಉಳಿದ ಕಾಲು ಭಾಗ ಎರಡನೇ ಬಿಸಿಯಲ್ಲಿ ಬೇಯುತ್ತದೆ. ಆಲೂಗಡ್ಡೆ ಫ್ರಿಜ್‌ನಲ್ಲಿ ಪರವಾಗಿಲ್ಲ, ಫ್ರೀಜರ್‌ಗೆ ಹೋದರೆ ಮರಳು ಮರಳಾಗಿ ನೀರು ಬಿಡುತ್ತದೆ. ತೆಂಗಿನಕಾಯಿ ರುಬ್ಬಿ ಹಾಕಿದ ಹುಳಿಯನ್ನು ಚೆನ್ನಾಗಿ ಕುದಿಸಿದ್ದರೂ ಎರಡು ದಿನದ ಮೇಲೆ ಇಡುವುದಿಲ್ಲ. ಮೂರನೇ ದಿನಕ್ಕೆ ಬೇಕಾದದ್ದು ತೆಂಗಿಲ್ಲದ ಬೇಳೆ ಸಾರು.

ಬಿಸಿಬೇಳೆಬಾತ್ ಅವಳಿಗೆ ಬಲು ಇಷ್ಟ. ಒಂದೇ ಡಬ್ಬಿ, ಚಮಚದ ಊಟ, ಹಾಗಾಗಿ ಇದಕ್ಕೆ ತಲೆ ಕೆಡಿಸಿಕೊಂಡೆ. ಅಕ್ಕಿ ಒಂದು ಲೋಟ, ತೊಗರಿಬೇಳೆ ಮುಕ್ಕಾಲು ಲೋಟ, ತರಕಾರಿ ಎರಡು ಲೋಟ. ಮೊದಲೆಲ್ಲ ಒಟ್ಟು ಆರು ಲೋಟ ನೀರಿನಲ್ಲಿ ಮಾಡುತ್ತಿದ್ದೆ. ತಟ್ಟೆಗೆ ಬಡಿಸುವಾಗ ಸರಿ, ಮರುದಿನ ಡಬ್ಬಿಯಲ್ಲಿ ಚಾಕು ಇಟ್ಟು ಕತ್ತರಿಸುವಷ್ಟು ಗಟ್ಟಿ. ಬಿಸಿ ಮಾಡುವಾಗ ನೀರು ಬೆರೆಸಿದರೆ ಬೆರೆಯುವುದಿಲ್ಲ, ಬಾತ್ ಬೇರೆ ನೀರು ಬೇರೆ ನಿಲ್ಲುತ್ತದೆ. ಈಗ ಎಂಟು ಲೋಟ ನೀರು ಹಾಕುತ್ತೇನೆ, ಸೌಟಿನಿಂದ ಸುರಿದರೆ ಹರಿಯುವ ಹಾಗೆ. ಉಪ್ಪು, ಹುಣಸೆಹುಳಿ, ಪುಡಿ ಎಲ್ಲವನ್ನೂ ಆ ನೀರಿನ ಲೆಕ್ಕಕ್ಕೆ ಸ್ವಲ್ಪ ಏರಿಸಬೇಕು. 400 ಗ್ರಾಂ ಬಾತ್‌ಗೆ 1 ನಿಮಿಷ 45 ಸೆಕೆಂಡ್, ಕಲಕಿ, ಮತ್ತೆ 1 ನಿಮಿಷ 15 ಸೆಕೆಂಡ್. ಕಡಲೆಬೀಜ, ಗೋಡಂಬಿ, ಖಾರಾಬೂಂದಿ ಬೇರೆ ಪುಟ್ಟ ಡಬ್ಬಿಯಲ್ಲಿ. ಒಳಗೆ ಬೆರೆಸಿದರೆ ನೀರು ಕುಡಿದು ಮೆತ್ತಗಾಗುತ್ತವೆ.

ಮಜ್ಜಿಗೆ ಹುಳಿ ನಿಲ್ಲಲಿಲ್ಲ. ಪೂರ್ತಿ ಶಕ್ತಿಯಲ್ಲಿ ಮೊಸರು ಒಡೆದು ಮೇಲೆ ನೀರು, ಕೆಳಗೆ ಗಸಿ. ಕಡಲೆಬೇಳೆ ಜಾಸ್ತಿ ರುಬ್ಬಿ ಹಾಕಿ, ಅರ್ಧ ಶಕ್ತಿಯಲ್ಲಿ ಇಟ್ಟರೆ ಒಡೆಯುವುದಿಲ್ಲ. ಆದರೆ ಅದಕ್ಕೊಂದಕ್ಕೇ ನಾಲ್ಕು ನಿಮಿಷ ಬೇಕು. ನಮ್ಮ ಲೆಕ್ಕಕ್ಕೆ ಹೊಂದಲಿಲ್ಲ, ಬಿಟ್ಟೆ. ಅದು ರಜೆಯ ದಿನದ ಅಡುಗೆ.

6. ತುಪ್ಪದ ಒಗ್ಗರಣೆ ಗಟ್ಟಿ

ಹದ ಸರಿಯಾದ ಮೇಲೂ ಒಂದು ಕೊರತೆ ಉಳಿದಿತ್ತು. "ಎಲ್ಲ ಚೆನ್ನಾಗಿದೆ, ಆದ್ರೆ ನಿನ್ನೆದು ಅಂತ ಗೊತ್ತಾಗುತ್ತೆ" ಅಂದಳು. ಯೋಚಿಸಿದರೆ ಅದು ಒಗ್ಗರಣೆಯ ಘಮ. ಕರಿಬೇವು, ಇಂಗು, ಸಾಸಿವೆಯ ಘಮ ಮೊದಲ ದಿನವೇ ಹೋಗಿರುತ್ತದೆ, ಎರಡನೇ ಬಿಸಿಯಲ್ಲಿ ಅದು ವಾಪಸ್ ಬರುವುದಿಲ್ಲ.

ಒಗ್ಗರಣೆಯನ್ನೇ ಬೇರೆ ಕಳಿಸಬಹುದಲ್ವಾ ಅನಿಸಿತು. ಎಣ್ಣೆಯಲ್ಲಿ ಮಾಡಿ ಪುಟ್ಟ ಬಾಟಲಿಯಲ್ಲಿ ಕಳಿಸಿದ್ದು ಚೀಲದಲ್ಲಿ ಸೋರಿತು. ತುಪ್ಪದಲ್ಲಿ ಮಾಡಿದೆ. 100 ಗ್ರಾಂ ತುಪ್ಪ, ಒಂದು ಚಮಚ ಸಾಸಿವೆ, ಎರಡು ಕಡ್ಡಿ ಕರಿಬೇವು, ಎರಡು ಬ್ಯಾಡಗಿ ಮೆಣಸಿನಕಾಯಿ ಚೂರು, ಚಿಟಿಕೆ ಇಂಗು. ಕರಿಬೇವು ಪೂರ್ತಿ ಗರಿಗರಿ ಆಗುವವರೆಗೆ ಬಿಡಬೇಕು, ಹಸಿ ಇದ್ದರೆ ಆ ನೀರಿನಿಂದ ತುಪ್ಪ ಕೆಡುತ್ತದೆ. ಸ್ವಲ್ಪ ಆರಿಸಿ ಐಸ್ ಟ್ರೇಯ ಗುಳಿಗಳಿಗೆ ಸುರಿದು ಫ್ರೀಜರ್‌ಗೆ. ಸಾಸಿವೆ ತಳಕ್ಕೆ ಕೂರುತ್ತದೆ, ಸುರಿಯುವಾಗ ಪ್ರತಿ ಸಲ ಕಲಕಬೇಕು. ಒಂದೊಂದು ಗಟ್ಟಿ ಸುಮಾರು 8 ಗ್ರಾಂ.

ದಿನಕ್ಕೊಂದನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿ ಜೊತೆ ಇಡುತ್ತೇನೆ. ಹುಳಿ ಬಿಸಿಯಾಗಿ ಹೊರಬಂದ ಮೇಲೆ ಮೇಲಿಟ್ಟು ಮುಚ್ಚಿ ಎರಡು ನಿಮಿಷ ಬಿಡುವುದು. ಹೇಗಿದ್ದರೂ ಬಿಸಿ ಹರಡಲು ಆ ಎರಡು ನಿಮಿಷ ಬೇಕೇ ಬೇಕು. ಮುಚ್ಚಳ ತೆಗೆದಾಗ ತುಪ್ಪ ಕರಗಿರುತ್ತದೆ, ಒಲೆಯಿಂದ ಇಳಿಸಿದ ಘಮ ಬರುತ್ತದೆ. ಈ ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಇದೊಂದೇ. ಅವಳ ಜೊತೆಯವರೂ ಈಗ ಕೇಳಿ ತರಿಸಿಕೊಳ್ಳುತ್ತಾರೆ.

7. ಪಲ್ಯ, ಮೊಟ್ಟೆ, ಕೋಳಿ

ಹುರುಳಿಕಾಯಿ, ಬೀಟ್‌ರೂಟ್, ಕಾಳಿನ ಪಲ್ಯ ಸರಿ. ಒಲೆಯಲ್ಲಿ ಎರಡು ಮೂರು ನಿಮಿಷ ಮುಂಚೆ ಇಳಿಸಬೇಕು, ತುರಿದ ಕಾಯಿ ಹಾಕಬಾರದು. ಹಸಿ ಕಾಯಿತುರಿ ಬೇಗ ಹಳಸುತ್ತದೆ. ಬೆಂಡೆಕಾಯಿ ಎಷ್ಟು ಹುರಿದರೂ ಮುಚ್ಚಿ ಬಿಸಿ ಮಾಡಿದ ಕೂಡಲೇ ಲೋಳೆ. ಎಲೆಕೋಸು ವಾಸನೆ ಕೋಣೆ ತುಂಬುತ್ತದೆ. ಎರಡೂ ಬೇಡ.

ಬೇಯಿಸಿದ ಇಡೀ ಮೊಟ್ಟೆಯನ್ನು ಮೈಕ್ರೋವೇವ್‌ನಲ್ಲಿ ಇಡಲೇಬಾರದು, ಸಿಪ್ಪೆ ತೆಗೆದಿದ್ದರೂ. ಒಳಗೆ ಬಿಸಿ ಸಿಕ್ಕಿಕೊಂಡು ಸಿಡಿಯುತ್ತದೆ. ಹೊರಗೆ ತೆಗೆದು ಕಚ್ಚುವಾಗಲೂ ಸಿಡಿಯಬಹುದು. ಮೊಟ್ಟೆಯನ್ನು ಹೆಚ್ಚಿ ತಣ್ಣಗೆ ಕಳಿಸುತ್ತೇನೆ. ಸಾರು ಬಿಸಿಯಾದ ಮೇಲೆ ಅದರಲ್ಲಿ ಮುಳುಗಿಸಿದರೆ ಸಾಕು.

ಕೋಳಿ ಸಾರಿಗೆ ಎದೆ ಮಾಂಸ ಹಾಕಿದರೆ ಎರಡನೇ ಬಿಸಿಯಲ್ಲಿ ನಾರಾಗುತ್ತದೆ. ತೊಡೆ ಮಾಂಸ, ಮೂಳೆ ತೆಗೆದು ಚಿಕ್ಕ ತುಂಡು ಮಾಡಿದ್ದು ಮೆತ್ತಗೇ ಉಳಿಯುತ್ತದೆ. ಕೋಳಿ ಇದ್ದ ದಿನ ನಡುವಿನ ತುಂಡಿಗೇ ಥರ್ಮಾಮೀಟರ್ ಚುಚ್ಚಿ ನೋಡುವುದು ಕಡ್ಡಾಯ. ಮಾಡಿಟ್ಟ ಅಡುಗೆಯನ್ನು ಮತ್ತೆ ಬಿಸಿ ಮಾಡುವಾಗ ನಡುವೆ 74 ಡಿಗ್ರಿ ಮುಟ್ಟಬೇಕು ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ನಾವು 75 ಇಟ್ಟುಕೊಂಡಿದ್ದೇವೆ. ಮೇಲೆ ಅಳೆದ ಹುಳಿಯ 71 ಕೂಡ ಆ ಲೆಕ್ಕಕ್ಕೆ ಕಮ್ಮಿಯೇ. ನಡುವೆ ಕಲಕುವ ಪದ್ಧತಿ ತಂದ ಮೇಲೆ 78 ಬಂತು.

8. ಇಡ್ಲಿ, ಚಪಾತಿ, ಮುದ್ದೆ

ಇಡ್ಲಿಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಇಡ್ಲಿ, ಮೇಲೆ ಒಂದು ಚಮಚ ನೀರು, ಮುಚ್ಚಿ 50 ಸೆಕೆಂಡ್. ಹಬೆಯಲ್ಲಿ ಬೆಂದದ್ದಕ್ಕೆ ಹಬೆಯೇ ಸಾಕು. ರಾಗಿ ಇಡ್ಲಿಯೂ ಹಾಗೇ.

ಚಪಾತಿಗೆ ಹಿಟ್ಟಿನಲ್ಲೇ ಬದಲಾವಣೆ ಮಾಡಬೇಕಾಯಿತು. 250 ಗ್ರಾಂ ಹಿಟ್ಟಿಗೆ 150 ಮಿ.ಲೀ. ನೀರು ಹಾಕುತ್ತಿದ್ದೆ, ಈಗ ಬಿಸಿ ನೀರು 175 ಮಿ.ಲೀ., ಒಂದು ದೊಡ್ಡ ಚಮಚ ಎಣ್ಣೆ. ಅರ್ಧ ಗಂಟೆ ನೆನೆಯಬೇಕು. ಸ್ವಲ್ಪ ದಪ್ಪ ಲಟ್ಟಿಸಿ, ಕಂದು ಚುಕ್ಕೆ ಜಾಸ್ತಿ ಬರುವ ಮುಂಚೆ ತೆಗೆಯಬೇಕು. ಬಿಸಿ ಮಾಡುವಾಗ ಎರಡು ಚಪಾತಿಯನ್ನು ಹಿಂಡಿದ ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ 20 ಸೆಕೆಂಡ್. 30 ಸೆಕೆಂಡ್ ದಾಟಿದರೆ ಎಳೆದರೂ ಹರಿಯುವುದಿಲ್ಲ. ಇಷ್ಟೆಲ್ಲ ಮಾಡಿದರೂ ಇದು ಹತ್ತು ನಿಮಿಷದೊಳಗೆ ತಿನ್ನಬೇಕಾದ ಚಪಾತಿ. ಬೆಲ್ ಬಂದು ಎದ್ದು ಹೋದರೆ ವಾಪಸ್ ಬರುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಆದ್ದರಿಂದ ವಾರಕ್ಕೆ ಒಂದು ದಿನ ಮಾತ್ರ.

ಮುದ್ದೆ ಇನ್ನೂ ಕೈಗೆ ಸಿಕ್ಕಿಲ್ಲ. ಬಸ್ಸಾರು ಇಷ್ಟು ಚೆನ್ನಾಗಿ ನಿಂತ ಮೇಲೆ ಮುದ್ದೆ ಇಲ್ಲದಿದ್ದರೆ ಹೇಗೆ? ಗುಂಡಗೆ ಕಟ್ಟಿದ ಮುದ್ದೆ ಹೊರಗೆ ಸಿಪ್ಪೆ ಕಟ್ಟಿಕೊಂಡು ಒಳಗೆ ತಣ್ಣಗಿರುತ್ತದೆ. ನೀರು ಚಿಮುಕಿಸಿದರೆ ಹೊರಗೆ ಜಾರಿಕೆ, ಒಳಗೆ ಬಿರುಕು. ಊರಿಗೆ ಫೋನ್ ಮಾಡಿ ಕೇಳಿದೆ. "ಅನ್ನ ಸೇರಿಸಿ ಕಟ್ಟಪ್ಪ, ಮೆತ್ತಗಿರುತ್ತೆ" ಅಂದರು ಅಮ್ಮ. ಹಿಟ್ಟಿನ ತೂಕದ ಕಾಲು ಭಾಗ ಮೆತ್ತಗೆ ಬೆಂದ ಅನ್ನ ಸೇರಿಸಿ, ಗುಂಡಗೆ ಕಟ್ಟದೆ ವಡೆಯ ಹಾಗೆ ತಟ್ಟಿ, ನಡುವೆ ತೂತು ಮಾಡಿ, ಮೇಲೆ ತುಪ್ಪ ಸವರಿ ಇಟ್ಟೆ. ಒಂದೊಂದು 80 ಗ್ರಾಂ. ಒದ್ದೆ ಬಟ್ಟೆ ಮುಚ್ಚಿ 1 ನಿಮಿಷ. ಬಿಸಿ ಒಂದೇ ಸಮ ಬಂತು, ಸಿಪ್ಪೆಯೂ ಇಲ್ಲ. ಆದರೆ ನುಂಗುವ ನಯ ಬಂದಿಲ್ಲ, ಅಗಿಯಬೇಕಾಗುತ್ತದೆ. ಮುದ್ದೆ ಅಗಿಯುವ ಪದಾರ್ಥ ಅಲ್ಲ.

9. ಚೀಲ ಮತ್ತು ಫ್ರಿಜ್

ಫ್ರಿಜ್ ಒಳಗಿಡುವ ಥರ್ಮಾಮೀಟರ್ 200 ರೂಪಾಯಿಗೆ ತಂದು ನೋಡಿದರೆ ನಮ್ಮ ಫ್ರಿಜ್ 8 ಡಿಗ್ರಿ ತೋರಿಸಿತು. ಗುಂಡಿ ತಿರುಗಿಸಿ 4ಕ್ಕೆ ತಂದೆ. 5ರಿಂದ 60 ಡಿಗ್ರಿ ನಡುವೆ ಆಹಾರ ಜಾಸ್ತಿ ಹೊತ್ತು ಇರಬಾರದು.

ಚೀಲ 550 ರೂಪಾಯಿ, ಒಳಗೆ ಬೆಳ್ಳಿ ಪದರ ಇರುವಂಥದ್ದು. ಐಸ್ ಪ್ಯಾಕ್ 90ರಂತೆ ಎರಡು. ಮನೆಯಲ್ಲೇ ಐದೂವರೆ ಗಂಟೆ ಇಟ್ಟು ನೋಡಿದೆ. ಒಂದು ಪ್ಯಾಕ್ ಇದ್ದಾಗ ಅನ್ನ 11 ಡಿಗ್ರಿಗೆ ಏರಿತ್ತು. ಕೆಳಗೊಂದು ಮೇಲೊಂದು ಇಟ್ಟಾಗ 7. ಇನ್ನೂ ಎರಡು ಡಿಗ್ರಿ ಇಳಿಯಬೇಕಿತ್ತು. ಹುಳಿಯನ್ನೇ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಕಳಿಸಿದರೆ ಅದೇ ಐಸ್ ಪ್ಯಾಕ್ ಆಗುತ್ತದಲ್ಲ ಎಂದು ಮಾಡಿದೆ. ರಾತ್ರಿ ಒಂದು ಗಂಟೆಗೆ ನಡುವೆ ಇನ್ನೂ ಮಂಜುಗಡ್ಡೆ, ಬಿಸಿ ಮಾಡಲು ಒಂದು ನಿಮಿಷದಷ್ಟು ಹೆಚ್ಚು ಬೇಕಾಯಿತು. ಕಾಯುವವರಿಗೆ ತೊಂದರೆ.

ದಾರಿ ಸಿಕ್ಕಿದ್ದು ಮಜ್ಜಿಗೆಯಲ್ಲಿ. 300 ಮಿ.ಲೀ. ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗ ನೀರುಮಜ್ಜಿಗೆ ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಡಬ್ಬಿಗಳ ಪಕ್ಕ ಇಡುವುದು. ಪೂರ್ತಿ ತುಂಬಿದರೆ ಹಿಗ್ಗಿ ಬಾಟಲಿ ಒಡೆಯುತ್ತದೆ. ಈಗ ರಾತ್ರಿ ಒಂದು ಗಂಟೆಗೆ ಅನ್ನ 5 ಡಿಗ್ರಿ. ಊಟ ಮುಗಿಯುವ ಹೊತ್ತಿಗೆ ಮಜ್ಜಿಗೆ ಅರ್ಧ ಕರಗಿರುತ್ತದೆ. ಕರಗಿದ ಮಜ್ಜಿಗೆ ಒಡೆದ ಹಾಗೆ ಕಾಣುತ್ತದೆ, ಚೆನ್ನಾಗಿ ಅಲ್ಲಾಡಿಸಿದರೆ ಸರಿಹೋಗುತ್ತದೆ. ಉಪ್ಪು, ಶುಂಠಿ ಮೊದಲೇ ಹಾಕಿರುತ್ತೇನೆ.

ಕರೆಂಟ್ ಹೋಗುವ ಊರು ನಮ್ಮದು. ಫ್ರೀಜರ್‌ನಲ್ಲಿ ಒಂದು ಲೋಟ ನೀರು ಗಟ್ಟಿ ಮಾಡಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟಿದ್ದೇನೆ. ನಾಣ್ಯ ಕೆಳಗಿಳಿದಿದ್ದರೆ ನಾವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಅರ್ಥ. ಆಗ ಒಳಗಿರುವ ಅನ್ನ, ಸಾರು ಅವಳಿಗೆ ಹೋಗುವುದಿಲ್ಲ.

10. ಈಗಿನ ಪದ್ಧತಿ ಮತ್ತು ಖರ್ಚು

ಭಾನುವಾರ ಮತ್ತು ಬುಧವಾರ ಅಡುಗೆ. ಒಂದೇ ದಿನ ಇಡೀ ವಾರದ್ದು ಮಾಡುವುದಿಲ್ಲ, ಮೂರು ದಿನದ ಮೇಲೆ ಫ್ರಿಜ್ ಊಟದ ಮೇಲೆ ನನಗೆ ಭರವಸೆ ಇಲ್ಲ. ಭಾನುವಾರ ಬೆಳಿಗ್ಗೆ ಬೇಳೆ ಮತ್ತು ಕಾಳು ಕುಕ್ಕರಿಗೆ, ಅಷ್ಟರಲ್ಲಿ ತರಕಾರಿ ಹೆಚ್ಚುವುದು. ಮೊದಲು ಹುಳಿ, ಆಮೇಲೆ ಸಾರು, ಕೊನೆಗೆ ಅನ್ನ. ಅನ್ನ ಕೊನೆಗೆ ಯಾಕೆಂದರೆ ಅದು ಆರುವ ಹೊತ್ತಿಗೆ ನಾನು ಕೈ ಬಿಡುವಾಗಿರಬೇಕು. ಹುಳಿ ಪಾತ್ರೆಯನ್ನು ತಣ್ಣೀರು ತುಂಬಿದ ಬೇಸಿನ್‌ನಲ್ಲಿ ಇಟ್ಟು ಆಗಾಗ ಕಲಕಿದರೆ ಬೇಗ ಆರುತ್ತದೆ. ಎರಡೂವರೆ ಗಂಟೆಯ ಕೆಲಸ.

ಪ್ರತಿ ಡಬ್ಬಿ ಮೇಲೆ ಪೇಂಟರ್‌ಗಳು ಅಂಟಿಸುವ ಕಾಗದದ ಟೇಪ್. ಅದರ ಮೇಲೆ ಪೆನ್ನಿನಲ್ಲಿ ಮಾಡಿದ ದಿನ, ನೀರು ಎಷ್ಟು ಚಮಚ, ಎಷ್ಟು ಸೆಕೆಂಡ್, ಎಲ್ಲಿ ಕಲಕಬೇಕು. ರಾತ್ರಿ ಒಂದು ಗಂಟೆಗೆ ಯಾರಿಗೂ ಇದನ್ನೆಲ್ಲ ನೆನಪಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ.

ಗಾಜಿನ ಡಬ್ಬಿ 1280, ಥರ್ಮಾಮೀಟರ್ 450, ಚೀಲ 550, ಐಸ್ ಪ್ಯಾಕ್ 180, ಫ್ರಿಜ್ ಥರ್ಮಾಮೀಟರ್ 200, ಟೇಪ್ 40. ಒಟ್ಟು 2700 ರೂಪಾಯಿ. ತೂಕದ ಯಂತ್ರ ಮನೆಯಲ್ಲೇ ಇತ್ತು.

ಬಾಕಿ ಇರುವುದು ಮುದ್ದೆ. ಮುಂದಿನ ಸಲ ರಾಗಿ ಹಿಟ್ಟನ್ನು ಇನ್ನೂ ತೆಳುವಾಗಿ, ಗಂಜಿಗಿಂತ ಸ್ವಲ್ಪ ಗಟ್ಟಿ ಹದದಲ್ಲಿ ಬೇಯಿಸಿ, ಕಟ್ಟದೆ ಹಾಗೇ ಡಬ್ಬಿಗೆ 2 ಸೆಂ.ಮೀ. ಸುರಿದು ನೋಡಬೇಕು. ಬಿಸಿ ಮಾಡಿದ ಮೇಲೆ ಅವಳೇ ಒದ್ದೆ ಚಮಚದಲ್ಲಿ ಮಗುಚಿ ಉಂಡೆ ಮಾಡಿಕೊಳ್ಳಬಹುದು. ಅಕ್ಕಿ ನುಚ್ಚು ಹಾಕಿ ಒಂದು ಡಬ್ಬಿ, ಹಾಕದೆ ಒಂದು ಡಬ್ಬಿ, ಎರಡನ್ನೂ ಒಂದೇ ದಿನ ಇಟ್ಟು ಹೋಲಿಸುತ್ತೇನೆ. ಯಾರಾದರೂ ಇದನ್ನು ಆಗಲೇ ಮಾಡಿದ್ದರೆ ನೀರಿನ ಅಳತೆ ತಿಳಿಸಿ.